ಸಮುದ್ರದಲ್ಲಿಯೂ ನಮ್ಮಂತಹ ಸಮುದಾಯಗಳಿವೆ



ಚಳ್ಳಕೆರೆಯಿಂದ ಮೊಳಕಾಲ್ಮುರಿನ ಕಡೆಗೆ ಹೋಗುವಾಗ ಸಿಗುವ ತಳಕು, ನಮ್ಮ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಯ ಊರು. ಸುತ್ತಮುತ್ತ ಶೇಂಗಾ ಹೊಲ, ಕುರುಚಲು ಕಾವಲು, ಕುರಿಮಂದೆ. ಕಡಲು ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹಜ್ಜ್ ಯಾತ್ರೆಗೆ ಹೊರಟ ದಿನ ವಿಮಾನದ ಕಿಟಕಿಯಿಂದಲೇ ಮೊದಲ ಬಾರಿಗೆ ಸಮುದ್ರವನ್ನು ನೋಡಿದ ಹಿರಿಯರು ಇಂತಹ ಊರುಗಳಲ್ಲಿ ಇದ್ದಾರು. ಹೀಗಿರುವಾಗ ಇಲ್ಲಿನ ಮನೆಯೊಂದರಲ್ಲಿ ಕುಳಿತು ತಿಮಿಂಗಿಲ, ಡಾಲ್ಫಿನ್‌ಗಳ ಮಾತನ್ನೇಕೆ ಆಡಬೇಕು? ಅವುಗಳಿಗೂ ನಮಗೂ ಏನು ಸಂಬಂಧ?

ಸಂಬಂಧವಿದೆ ಎಂದು ಪವಿತ್ರ ಕುರ್‌ಆನ್ ಹೇಳುತ್ತದೆ. ಭೂಮಿಯ ಮೇಲೆ ಚಲಿಸುವ ಜೀವಿಗಳೂ ರೆಕ್ಕೆ ಬಡಿದು ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳಾಗಿವೆ ಎಂದು ಅದು ನಮಗೆ ತಿಳಿಸಿದೆ (ಅಲ್ ಅನ್‌ಆಮ್: 38). ಎಲ್ಲ ಜೀವಿಗಳ ಆಹಾರದ ಹೊಣೆ ಅಲ್ಲಾಹನದೇ ಎಂದೂ ಸಾರಿದೆ (ಹೂದ್: 6). ಕಡಲಿನ ಜೀವಿಗಳನ್ನು ಈ ಮಾತಿನಿಂದ ಹೊರಗಿಡಲು ಯಾವ ಕಾರಣವೂ ಇಲ್ಲ. ಇಲ್ಲಿ ಬಳಸಿರುವ ಪದ 'ಉಮ್ಮತ್'. ನಾವು ನಮ್ಮನ್ನು ಕರೆದುಕೊಳ್ಳುವ ಅದೇ ಪದ. ಪ್ರಾಣಿಗಳ ಗುಂಪಿಗೆ ಅಲ್ಲಾಹನು ಅದೇ ಪದವನ್ನು ಬಳಸಿರುವಾಗ, ನಮ್ಮ ಕಣ್ಣಿಗೆ ಬೀಳದ ಆ ಸಮುದಾಯಗಳ ಬಗ್ಗೆ ಸ್ವಲ್ಪವಾದರೂ ತಿಳಿದುಕೊಳ್ಳುವುದು ಸತ್ಯವಿಶ್ವಾಸಿಗೆ ಬೇಡದ ವಿಷಯವಲ್ಲ.

ತಾಯಿ, ಮಗು, ಅಜ್ಜಿ

ತಿಮಿಂಗಿಲವೂ ಡಾಲ್ಫಿನ್ ಕೂಡ ಮೀನುಗಳಲ್ಲ. ಅವುಗಳ ರಕ್ತ ಬಿಸಿಯಾದುದು. ಅವು ಮರಿ ಹಾಕುತ್ತವೆ, ಹಾಲೂಡಿಸುತ್ತವೆ. ನೀರಿನಲ್ಲಿ ಉಸಿರಾಡಲು ಅವುಗಳಿಗೆ ಕಿವಿರುಗಳಿಲ್ಲ, ನಮ್ಮ ಹಾಗೆ ಶ್ವಾಸಕೋಶವಿದೆ. ಆದುದರಿಂದ ಪ್ರತಿಯೊಂದು ಉಸಿರಿಗೂ ಮೇಲೆ ಬರಲೇಬೇಕು. ಡಾಲ್ಫಿನ್ ನಿದ್ರಿಸುವಾಗ ಅದರ ಮೆದುಳಿನ ಅರ್ಧಭಾಗ ಮಾತ್ರ ನಿದ್ರಿಸುತ್ತದೆ, ಇನ್ನರ್ಧ ಎಚ್ಚರವಾಗಿರುತ್ತದೆ. ಎರಡೂ ಒಟ್ಟಿಗೆ ಮಲಗಿದರೆ ಉಸಿರು ತೆಗೆದುಕೊಳ್ಳುವವರಿಲ್ಲ! ಮರಿ ಹುಟ್ಟಿದಾಗ ತಾಯಿಯೇ ಅದನ್ನು ಮೇಲಕ್ಕೆತ್ತಿ ಉಸಿರಾಡಿಸುವುದುಂಟು. ಕಾಯಿಲೆ ಬಿದ್ದ ಸಂಗಾತಿಯನ್ನು ಡಾಲ್ಫಿನ್‌ಗಳು ಕೆಳಗಿನಿಂದ ಆಧರಿಸಿ ನೀರಿನ ಮೇಲ್ಭಾಗದಲ್ಲಿ ಹಿಡಿದಿರುವುದನ್ನು ಅನೇಕರು ನೋಡಿ ಬರೆದಿಟ್ಟಿದ್ದಾರೆ.

ಬಾಟಲ್‌ನೋಸ್ ಎಂಬ ಜಾತಿಯ ಡಾಲ್ಫಿನ್‌ಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಒಂದು ಶಿಳ್ಳೆಯಿದೆ. ಎಳೆಯ ವಯಸ್ಸಿನಲ್ಲೇ ಮರಿಯು ಅದನ್ನು ರೂಢಿಸಿಕೊಳ್ಳುತ್ತದೆ. ಬೇರೆಯವು ಆ ಶಿಳ್ಳೆಯನ್ನು ಅನುಕರಿಸಿದರೆ ಅದು ಹೆಸರಿಗೆ ಓಗೊಟ್ಟಂತೆ ಉತ್ತರಿಸುತ್ತದೆ. ಸ್ಪರ್ಮ್ ವೇಲ್ ಎಂಬ ದೊಡ್ಡ ತಿಮಿಂಗಿಲವು ಆಹಾರಕ್ಕಾಗಿ ಒಂದು ಕಿಲೋಮೀಟರಿಗೂ ಆಳಕ್ಕೆ, ಕಗ್ಗತ್ತಲೆಗೆ ಇಳಿಯುತ್ತದೆ. ಮುಕ್ಕಾಲು ಗಂಟೆ ಉಸಿರು ಬಿಗಿಹಿಡಿದಿರುತ್ತದೆ. ಎಳೆಯ ಮರಿಗೆ ಅಷ್ಟು ಆಳ ಇಳಿಯಲು ಬಾರದು. ಆಗ ತಾಯಿ ಏನು ಮಾಡುತ್ತಾಳೆ? ಗುಂಪಿನ ಹೆಣ್ಣುಗಳು ಸರದಿಯಂತೆ ಇಳಿಯುತ್ತವೆ. ಒಬ್ಬಳು ಕೆಳಗೆ ಹೋದಾಗ ಇನ್ನೊಬ್ಬಳು ಮರಿಯ ಬಳಿ ಮೇಲೆ ಇರುತ್ತಾಳೆ. ಹೊಲಕ್ಕೆ ಹೋಗುವ ತಾಯಿಯೊಬ್ಬಳು ಕೂಸನ್ನು ಓರಗಿತ್ತಿಯ ಮಡಿಲಿಗೆ ಕೊಟ್ಟು ಹೋಗುವಂತೆ!

ಓರ್ಕಾ ಎಂಬ ಇನ್ನೊಂದು ಜಾತಿಯಲ್ಲಿ ಹೆಣ್ಣುಗಳು ಮರಿ ಹಾಕುವುದನ್ನು ನಿಲ್ಲಿಸಿದ ಮೇಲೂ ಬಹಳ ವರ್ಷ ಬದುಕುತ್ತವೆ. ಅಮೆರಿಕ ಖಂಡದ ಪಶ್ಚಿಮ ತೀರದಲ್ಲಿ ಇವುಗಳನ್ನು ದಶಕಗಳ ಕಾಲ ಗಮನಿಸಿದ ವಿಜ್ಞಾನಿಗಳು, ಮೀನು ಕಡಿಮೆಯಾದ ವರ್ಷಗಳಲ್ಲಿ ಮುಂದೆ ನಿಂತು ಗುಂಪನ್ನು ನಡೆಸುವುದು ಇಂತಹ ವೃದ್ಧೆಯರೇ ಎಂದು 2015ರಲ್ಲಿ ಪ್ರಕಟಿಸಿದರು. ಹಿಂದಿನ ಬರಗಳಲ್ಲಿ ಮೀನು ಎಲ್ಲಿ ಸಿಕ್ಕಿತ್ತೆಂಬುದು ಅಜ್ಜಿಗೆ ಗೊತ್ತಿರುತ್ತದೆ. ಬರವನ್ನು ಕಂಡುಂಡ ನಮ್ಮ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮನೆಯ ಮೂಲೆಯಲ್ಲಿ ಕುಳಿತ ಮುದುಕಿಯ ಮಾತಿಗೆ ಕಿವಿಗೊಡದ ಮಕ್ಕಳು ಮಾತ್ರ ಇದನ್ನು ಎರಡು ಸಲ ಓದಿಕೊಳ್ಳಬೇಕು.

ಒಂದೇ ಗಾಳಿ

ಈಗ ನಮ್ಮ ಸಮುದ್ರಕ್ಕೆ ಬರೋಣ. ಅರಬ್ಬಿ ಸಮುದ್ರದಲ್ಲಿ ಗೂನುಬೆನ್ನಿನ ತಿಮಿಂಗಿಲಗಳ ಒಂದು ಚಿಕ್ಕ ಸಮುದಾಯವಿದೆ. ಜಗತ್ತಿನ ಉಳಿದ ಗೂನುಬೆನ್ನಿನ ತಿಮಿಂಗಿಲಗಳು ವರ್ಷಕ್ಕೊಮ್ಮೆ ಧ್ರುವದ ಕಡೆಯ ತಣ್ಣನೆಯ ಸಮುದ್ರಗಳಿಗೆ ಆಹಾರಕ್ಕಾಗಿ ವಲಸೆ ಹೋಗುತ್ತವೆ. ಇವು ಮಾತ್ರ ಹೋಗುವುದಿಲ್ಲ. ವರ್ಷವಿಡೀ ಇಲ್ಲಿಯೇ ಇರುತ್ತವೆ. ಕಾರಣವೇನು ಗೊತ್ತೇ? ನಮಗೆ ಮುಂಗಾರನ್ನು ತರುವ ಆ ನೈಋತ್ಯದ ಗಾಳಿಯೇ. ಜೂನ್ ತಿಂಗಳಿನಿಂದ ಅದು ಬಲವಾಗಿ ಬೀಸುವಾಗ ಒಮಾನಿನ ತೀರದಲ್ಲಿ ಮೇಲಿನ ನೀರು ಪಕ್ಕಕ್ಕೆ ಸರಿದು, ಆಳದ ತಣ್ಣನೆಯ, ಸತ್ವಭರಿತ ನೀರು ಮೇಲೇಳುತ್ತದೆ. ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಬೆಳೆಯುತ್ತವೆ, ಅವುಗಳನ್ನು ತಿನ್ನುವ ಸಣ್ಣ ಜೀವಿಗಳೂ ಮೀನುಗಳೂ ಹೆಚ್ಚುತ್ತವೆ. ತಿಮಿಂಗಿಲಕ್ಕೆ ಊಟ ಮನೆಯ ಬಾಗಿಲಲ್ಲೇ ಸಿಗುತ್ತದೆ.

ಅದೇ ಗಾಳಿ ಪಶ್ಚಿಮ ಘಟ್ಟವನ್ನು ಹತ್ತಿ, ಅಲ್ಲಿ ಸುರಿದು, ಉಳಿದ ಒಂದಿಷ್ಟು ಮೋಡಗಳನ್ನು ಚಳ್ಳಕೆರೆ, ತಳಕಿನ ಮೇಲೆ ದಾಟಿಸುತ್ತದೆ. ಗಾಳಿಯನ್ನು ಅಲ್ಲಾಹನು ತನ್ನ ಅನುಗ್ರಹದ ಶುಭವಾರ್ತೆಯಾಗಿ ಕಳುಹಿಸುತ್ತಾನೆಂದು ಕುರ್‌ಆನ್ ಹೇಳುವಾಗ ನಾವು ಶೇಂಗಾ ಬೀಜವನ್ನು ಮಾತ್ರ ನೆನೆಯುತ್ತೇವೆ. ಆದರೆ ಅದೇ ಗಾಳಿಯಲ್ಲಿ ತಿಮಿಂಗಿಲದ ಪಾಲೂ ಇದೆ. ಒಬ್ಬ ಯಜಮಾನನು ಒಂದೇ ಹರಿವಾಣದಲ್ಲಿ ಎರಡು ಮನೆಗಳಿಗೆ ಅನ್ನ ಕಳುಹಿಸಿದರೆ ಆ ಎರಡು ಮನೆಗಳ ನಡುವೆ ಸಂಬಂಧವಿಲ್ಲವೆನ್ನಲಾದೀತೇ?

2017ರ ಕೊನೆಯಲ್ಲಿ ಒಮಾನಿನ ಮಸೀರಾ ಕೊಲ್ಲಿಯಲ್ಲಿ ವಿಜ್ಞಾನಿಗಳು ಇಂತಹ ಒಂದು ಹೆಣ್ಣು ತಿಮಿಂಗಿಲಕ್ಕೆ ಉಪಗ್ರಹಕ್ಕೆ ಸಂದೇಶ ಕಳುಹಿಸುವ ಸಣ್ಣ ಉಪಕರಣವನ್ನು ಅಂಟಿಸಿದರು. ಅದರ ಹೆಸರು ಲುಬಾನ್. ಅರಬಿ ಭಾಷೆಯಲ್ಲಿ ಲುಬಾನ್ ಎಂದರೆ ಸಾಂಬ್ರಾಣಿಯ ಜಾತಿಯ ಸುಗಂಧದ ಅಂಟು. ಅದು ಅರಬ್ಬಿ ಸಮುದ್ರವನ್ನು ಅಡ್ಡಲಾಗಿ ಈಜಿ ಗೋವೆಯ ಕಡಲಿಗೆ ಬಂತು. ಅಲ್ಲಿಂದ ತೆಂಕಣಕ್ಕೆ ತಿರುಗಿ, ನಮ್ಮ ಕರಾವಳಿಯ ಕಡಲನ್ನೂ ಕೇರಳದ ಕಡಲನ್ನೂ ದಾಟಿ ದೇಶದ ತುತ್ತತುದಿಯವರೆಗೆ ಹೋಯಿತು. ಕಾರವಾರ, ಹೊನ್ನಾವರ, ಮಲ್ಪೆಗಳ ಜನ ತಮ್ಮ ಪಾಡಿಗೆ ತಾವಿದ್ದಾಗ ದೂರದ ನೀರಿನಲ್ಲಿ ಈ ನೆರೆಮನೆಯವಳು ಹಾದುಹೋಗಿದ್ದಳು. ಒಮಾನಿನ ತೀರದಲ್ಲಿ ಅವಳ ಸಮುದಾಯದಲ್ಲಿ ಉಳಿದಿರುವುದು ನೂರಕ್ಕಿಂತಲೂ ಕಡಿಮೆ ಎಂದು ಅಂದಾಜು. ಇಷ್ಟು ಕಡಿಮೆಯಾದುದು ಹೇಗೆ? ಅದನ್ನು ಹೇಳುವ ಮೊದಲು ಎರಡು ಘಟನೆಗಳನ್ನು ನೆನಪಿಸಿಕೊಳ್ಳಬೇಕು.

ಆಜ್ಞೆಯನ್ನು ಮೀರದ ಜೀವಿ

ಪ್ರವಾದಿ ಯೂನುಸ್(ಅ)ರ ಕಥೆ ನಮ್ಮ ಮಕ್ಕಳಿಗೂ ಗೊತ್ತು. ತಮ್ಮ ಜನತೆಯ ಮೇಲೆ ಬೇಸರಗೊಂಡು, ಅಲ್ಲಾಹನ ಅಪ್ಪಣೆಗೆ ಕಾಯದೆ ಹೊರಟ ಅವರು ತುಂಬಿದ ಹಡಗನ್ನೇರಿದರು. ಚೀಟಿಯೆತ್ತಿದಾಗ ಅವರ ಹೆಸರು ಬಂತು. ಕಡಲಿಗೆ ಬಿದ್ದ ಅವರನ್ನು 'ಹೂತ್' ನುಂಗಿತು. ಹೂತ್ ಎಂದರೆ ದೊಡ್ಡ ಮೀನು. ಅದು ತಿಮಿಂಗಿಲವೆಂದು ಅನೇಕರು ಅರ್ಥಮಾಡಿದ್ದಾರೆ. ಯಾವ ಜಾತಿಯೆಂದು ಕುರ್‌ಆನ್ ಹೇಳಿಲ್ಲ. ಆದುದರಿಂದ ನಾವು ಅದರ ಬಗ್ಗೆ ವಾದಕ್ಕೆ ಇಳಿಯಬೇಕಾಗಿಲ್ಲ. ಆ ಕತ್ತಲೆಯಲ್ಲಿ ಅವರು ಅಲ್ಲಾಹನ ಪಾವಿತ್ರ್ಯವನ್ನು ಕೊಂಡಾಡಿದರು, ತಪ್ಪು ತನ್ನದೇ ಎಂದು ಒಪ್ಪಿಕೊಂಡರು. ಅಲ್ಲಾಹನು ಅವರನ್ನು ಬಯಲು ದಡಕ್ಕೆ ತಂದು ಹಾಕಿದನು. ಸೋತ ಮೈಗೆ ನೆರಳಾಗಿ ಒಂದು ಬಳ್ಳಿಯನ್ನು ಬೆಳೆಸಿದನು (ಅಸ್ಸಾಫ್ಫಾತ್: 139-148).

ಈ ಕಥೆಯಿಂದ ನಾವು ತೌಬಾದ ಪಾಠವನ್ನು ಕಲಿಯುತ್ತೇವೆ. ಅದು ಸರಿಯೇ. ಆದರೆ ಕಥೆಯಲ್ಲಿ ಇನ್ನೊಂದು ಜೀವಿಯೂ ಇದೆಯಲ್ಲವೇ? ಪ್ರವಾದಿಯೊಬ್ಬರನ್ನು ಹೊಟ್ಟೆಯಲ್ಲಿ ಹೊತ್ತು, ಅರಗಿಸದೆ, ಆಜ್ಞೆಯಾದೊಡನೆ ದಡಕ್ಕೆ ಒಪ್ಪಿಸಿದ ಜೀವಿ. ಅಮಾನತ್ ಎಂದರೇನೆಂದು ತೋರಿಸಿಕೊಟ್ಟ ಜೀವಿ. ಅಂತಹ ಜೀವಿಯನ್ನು ಮನುಷ್ಯನು ತನ್ನ ಕೈಗೆ ಸಿಕ್ಕಿದಾಗ ಹೇಗೆ ನೋಡಿಕೊಂಡನು?

ಒಂದು ಖರ್ಜೂರದ ಬೆಲೆ

ಎರಡನೆಯ ಘಟನೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಜಾಬಿರ್(ರ)ರಿಂದ ವರದಿಯಾಗಿದೆ. ಪ್ರವಾದಿವರ್ಯರು(ಸ) ಅಬೂ ಉಬೈದಾ(ರ)ರ ನಾಯಕತ್ವದಲ್ಲಿ ಮುನ್ನೂರು ಮಂದಿಯನ್ನು ಕಡಲತೀರಕ್ಕೆ ಕಳುಹಿಸಿದ್ದರು. ದಾರಿಯಲ್ಲಿ ಬುತ್ತಿ ಮುಗಿಯುತ್ತಾ ಬಂತು. ಕೊನೆಗೆ ಒಬ್ಬರಿಗೆ ದಿನಕ್ಕೆ ಒಂದೇ ಖರ್ಜೂರ! ಒಂದು ಖರ್ಜೂರದಿಂದ ಏನಾಗುತ್ತಿತ್ತು ಎಂದು ಮುಂದೊಮ್ಮೆ ಯಾರೋ ಕೇಳಿದಾಗ, ಅದೂ ಇಲ್ಲವಾದ ಮೇಲೆಯೇ ಅದರ ಬೆಲೆ ನಮಗೆ ತಿಳಿಯಿತು ಎಂಬರ್ಥದಲ್ಲಿ ಜಾಬಿರ್(ರ) ಉತ್ತರಿಸಿದರು. ಅವರು ಮರದ ಎಲೆಗಳನ್ನು ಬಡಿದು ಉದುರಿಸಿ ನೀರಿನಲ್ಲಿ ನೆನೆಸಿ ತಿಂದರು. ಆಗ ಕಡಲು ಗುಡ್ಡದಂತಹ ಒಂದು ಜೀವಿಯನ್ನು ದಡಕ್ಕೆ ಎಸೆದಿತ್ತು. ಅದರ ಹೆಸರು ಅಂಬರ್. ಇಂದು ನಾವು ಸ್ಪರ್ಮ್ ವೇಲ್ ಎನ್ನುವ ತಿಮಿಂಗಿಲವೇ ಅದೆಂದು ತಿಳಿಯಲಾಗಿದೆ.

ಅಬೂ ಉಬೈದಾ(ರ) ಮೊದಲು ಹಿಂಜರಿದರು. ಸತ್ತ ಜೀವಿಯಲ್ಲವೇ ಎಂದರು. ಆಮೇಲೆ, ನಾವು ಅಲ್ಲಾಹನ ಮಾರ್ಗದಲ್ಲಿದ್ದೇವೆ, ನಿರುಪಾಯರಾಗಿದ್ದೇವೆ ಎಂದು ಆಲೋಚಿಸಿ ತಿನ್ನಲು ಅನುಮತಿಸಿದರು. ಅದನ್ನು ಅರ್ಧ ತಿಂಗಳು ತಿಂದರೆಂದು ಒಂದು ವರದಿ, ಒಂದು ತಿಂಗಳೆಂದು ಇನ್ನೊಂದು. ಅದರ ಪಕ್ಕೆಲುಬನ್ನು ನಿಲ್ಲಿಸಿದರೆ ಒಂಟೆಯ ಸವಾರನು ಅಡಿಯಿಂದ ದಾಟಿಹೋಗುತ್ತಿದ್ದನು. ಮದೀನಕ್ಕೆ ಮರಳಿ ವಿಷಯ ತಿಳಿಸಿದಾಗ ಪ್ರವಾದಿವರ್ಯರು(ಸ) ಅದು ಅಲ್ಲಾಹನು ನಿಮಗಾಗಿ ಹೊರತಂದ ಆಹಾರವೆಂದು ಹೇಳಿ, ಉಳಿದಿದ್ದ ಮಾಂಸವನ್ನು ತರಿಸಿ ತಾವೂ ತಿಂದರು.

ಇಲ್ಲಿ ಗಮನಿಸಿ. ಅವರು ಹಸಿದಿದ್ದರು. ಕೊಲ್ಲಲಿಲ್ಲ, ಕಡಲು ಕೊಟ್ಟದ್ದನ್ನು ಸ್ವೀಕರಿಸಿದರು. ತಿನ್ನುವ ಮೊದಲು ಇದು ನಮಗೆ ಸಲ್ಲುವುದೇ ಎಂದು ಪ್ರಶ್ನಿಸಿದರು. ಮುನ್ನೂರು ಮಂದಿ ಹಂಚಿಕೊಂಡರು. ಸಮುದ್ರದ ಆಹಾರವನ್ನು ಅಲ್ಲಾಹನು ನಮಗೆ ಹಲಾಲ್ ಮಾಡಿದ್ದಾನೆ ನಿಜ. ಆದರೆ ಹಲಾಲ್ ಎಂಬ ಮಾತು ಮಿತಿಯಿಲ್ಲದೆ ದೋಚಲು ಕೊಟ್ಟ ಪರವಾನಗಿಯಲ್ಲ.

ಎಣ್ಣೆಗಾಗಿ

ಚಳ್ಳಕೆರೆಯನ್ನು ಎಣ್ಣೆಯ ಊರೆನ್ನುತ್ತಾರೆ. ಶೇಂಗಾ ಬೆಳೆದು, ಗಿರಣಿಗೆ ಹಾಕಿ, ಎಣ್ಣೆ ತೆಗೆಯುವುದರ ಹಿಂದೆ ಎಷ್ಟು ಬೆವರಿದೆಯೆಂದು ಇಲ್ಲಿನವರಿಗೆ ಗೊತ್ತು. ಯುರೋಪ್ ಮತ್ತು ಅಮೆರಿಕದ ಜನರು ಒಂದು ಕಾಲದಲ್ಲಿ ಎಣ್ಣೆಯನ್ನು ತಿಮಿಂಗಿಲದಿಂದ ತೆಗೆದರು. ದೀಪಕ್ಕೆ, ಸಾಬೂನಿಗೆ, ಯಂತ್ರಗಳಿಗೆ, ಬೆಣ್ಣೆಯ ಬದಲಿಗೆ ಬಳಸುವ ಮಾರ್ಗರೀನಿಗೆ ಅದು ಬೇಕಾಗಿತ್ತು. ಮೊದಲು ಹಾಯಿಹಡಗು ಮತ್ತು ಕೈಭರ್ಜಿ. ಆಮೇಲೆ ಉಗಿಹಡಗು, ಫಿರಂಗಿಯಿಂದ ಹಾರಿಸುವ ಸಿಡಿಭರ್ಜಿ. ಬಳಿಕ ಕಡಲಿನ ಮಧ್ಯದಲ್ಲೇ ಎಣ್ಣೆ ಕಾಯಿಸುವ, ತೇಲುವ ಕಾರ್ಖಾನೆಗಳು. ಇಪ್ಪತ್ತನೆಯ ಶತಮಾನ ಒಂದರಲ್ಲೇ ಸುಮಾರು 29 ಲಕ್ಷ ತಿಮಿಂಗಿಲಗಳನ್ನು ಕೊಲ್ಲಲಾಯಿತೆಂದು ಲೆಕ್ಕ. ಮೂವತ್ತು ಮೀಟರ್‌ವರೆಗೂ ಬೆಳೆಯುವ, ಭೂಮಿಯ ಮೇಲೆ ಅತಿ ದೊಡ್ಡ ಜೀವಿಯಾದ ನೀಲಿ ತಿಮಿಂಗಿಲವು ಅಳಿವಿನ ಅಂಚಿಗೆ ಬಂತು.

ಅರಬ್ಬಿ ಸಮುದ್ರವನ್ನೂ ಬಿಡಲಿಲ್ಲ. 1960ರ ದಶಕದ ಮಧ್ಯಭಾಗದಲ್ಲಿ ಸೋವಿಯತ್ ಒಕ್ಕೂಟದ ಹಡಗುಗಳು ಬಂದು ಲುಬಾನಳ ಸಮುದಾಯದ 242 ತಿಮಿಂಗಿಲಗಳನ್ನು ಕೊಂದವು. ಅದು ಆಗಲೇ ನಿಯಮಬಾಹಿರ. ಆದುದರಿಂದ ಲೆಕ್ಕವನ್ನು ಮುಚ್ಚಿಟ್ಟರು. ಒಕ್ಕೂಟವೇ ಕುಸಿದ ಬಳಿಕ, 1990ರ ದಶಕದಲ್ಲಿ, ಅಲ್ಲಿನ ವಿಜ್ಞಾನಿಗಳೇ ನಿಜವಾದ ಅಂಕಿಗಳನ್ನು ಹೊರಗೆಡವಿದರು. ತೂಕದಲ್ಲಿ ಮೋಸ ಮಾಡುವವರಿಗೆ ಕುರ್‌ಆನ್ ಎಚ್ಚರಿಕೆ ನೀಡಿರುವುದು ಅಂಗಡಿಯ ತಕ್ಕಡಿಗೆ ಮಾತ್ರವೆಂದು ಭಾವಿಸಬೇಡಿ. ಕಡಲಿನ ನಡುವೆ, ಯಾರೂ ನೋಡದ ಕಡೆ ಮಾಡಿದ ಲೆಕ್ಕವನ್ನೂ ನೋಡುವವನಿದ್ದಾನೆ.

1979ರಲ್ಲಿ ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಸ್ಥಾನವೆಂದು ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗವು ಘೋಷಿಸಿತು. ವ್ಯಾಪಾರಕ್ಕಾಗಿ ಬೇಟೆಯಾಡುವುದನ್ನು ಎಲ್ಲೆಡೆ ನಿಲ್ಲಿಸಲು 1982ರಲ್ಲಿ ತೀರ್ಮಾನಿಸಿತು. ಅನಂತರ ಅನೇಕ ಜಾತಿಗಳು ನಿಧಾನವಾಗಿ ಚೇತರಿಸಿಕೊಂಡವು. ಆಗ ಇನ್ನೊಂದು ವಿಷಯ ಬೆಳಕಿಗೆ ಬಂತು. ಆಳದಲ್ಲಿ ತಿಂದು ಮೇಲೆ ಬರುವ ತಿಮಿಂಗಿಲದ ಮಲವು ಕಡಲಿನ ಮೇಲ್ಪದರಕ್ಕೆ ಗೊಬ್ಬರ. ನಮ್ಮವರು ಹೊಲದಲ್ಲಿ ಕುರಿಮಂದೆ ನಿಲ್ಲಿಸಿ ಗೊಬ್ಬರ ಮಾಡಿಸುವಂತೆಯೇ ಇದು. ಆ ಗೊಬ್ಬರದಿಂದ ಬೆಳೆಯುವ ಸೂಕ್ಷ್ಮ ಸಸ್ಯಗಳಿಂದ ಮೀನುಗಳ ಅನ್ನ. ಭೂಮಿಯಲ್ಲಿ ಉತ್ಪತ್ತಿಯಾಗುವ ಆಮ್ಲಜನಕದಲ್ಲಿ ಸುಮಾರು ಅರ್ಧದಷ್ಟು ಕಡಲಿನ ಇಂತಹ ಸಸ್ಯಗಳಿಂದ ಬರುತ್ತದೆ. ಕೊಂದವರು ಎಣ್ಣೆಯನ್ನಷ್ಟೇ ಕಂಡರು. ಅದು ಹೊಲವನ್ನು ಕಾಯುವ ಮಂದೆಯೆಂದು ಅರಿಯಲಿಲ್ಲ. ಖರ್ಜೂರ ಮುಗಿದ ಮೇಲೆ ಅದರ ಬೆಲೆ ತಿಳಿದಂತಾಯಿತು.

ಹಿಂದಿನ ಕಾಲದ ಪ್ರವಾದಿಯೊಬ್ಬರನ್ನು ಒಂದು ಇರುವೆ ಕಚ್ಚಿದಾಗ ಅವರು ಗೂಡನ್ನೇ ಸುಡಿಸಿದರೆಂದೂ, ಕಚ್ಚಿದ್ದು ಒಂದು ಇರುವೆಯಾದರೂ ತನ್ನ ಪಾವಿತ್ರ್ಯವನ್ನು ಕೊಂಡಾಡುವ ಒಂದು ಸಮುದಾಯವನ್ನೇ ನಾಶ ಮಾಡಿದಿರಲ್ಲಾ ಎಂದು ಅಲ್ಲಾಹನು ಅವರನ್ನು ಎಚ್ಚರಿಸಿದನೆಂದೂ ಹದೀಸಿನಲ್ಲಿದೆ. ಒಂದು ಇರುವೆಗೂಡಿಗೆ ಹೀಗಾದರೆ 29 ಲಕ್ಷಕ್ಕೆ ಉತ್ತರವೇನು?

ನಮ್ಮ ಕೈಗಳ ಲೆಕ್ಕ

ಅದು ಯಾರೋ ಪರದೇಶದವರು ಮಾಡಿದ ಅಕ್ರಮ, ನಮಗೇನು ಎನ್ನುವಿರಾ? ನಿಲ್ಲಿ. ಆಸೆಗೆ ದೇಶವಿಲ್ಲ.

ಸ್ಪರ್ಮ್ ವೇಲ್‌ನ ಆಹಾರ ಸ್ಕ್ವಿಡ್. ಕರಾವಳಿಯವರು ಬೊಂಡಾಸ್ ಎನ್ನುತ್ತಾರೆ. ಅದರ ಗಟ್ಟಿಯಾದ ಕೊಕ್ಕು ಅರಗದೆ ಕರುಳಿನಲ್ಲಿ ಉಳಿದು, ಅದರ ಸುತ್ತ ಮೇಣದಂತಹ ವಸ್ತುವೊಂದು ಗಟ್ಟಿಯಾಗುತ್ತದೆ. ಅದೇ ನಮ್ಮ ಅತ್ತರಿನವರ ಅಂಬರ್. ಜನರು ಅದನ್ನು ತಿಮಿಂಗಿಲದ ವಾಂತಿ ಎನ್ನುತ್ತಾರೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಈ ತಿಮಿಂಗಿಲಕ್ಕೆ ರಕ್ಷಣೆಯಿದೆ. ಅಂಬರನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ಆದರೂ 2021ರಲ್ಲಿ ಬೆಂಗಳೂರಿನಲ್ಲಿಯೇ ಅಂಬರ್ ಮಾರಲು ಹೊರಟವರನ್ನು ಪೊಲೀಸರು ಹಿಡಿದರು. ಕೆಲವರು ಕೋಟಿಗಳ ಕನಸಿನಲ್ಲಿ ಮೇಣದ ಉಂಡೆಗೆ ಕೈಯಲ್ಲಿದ್ದ ಲಕ್ಷಗಳನ್ನು ಕಳೆದುಕೊಳ್ಳುತ್ತಾರೆ. ಫೋನಿನಲ್ಲಿ ಇಂತಹ ಆಮಿಷ ಬಂದಾಗ ಒಳನಾಡಿನ ಯುವಕರೂ ಮರುಳಾಗಬಹುದು.

ಇದಕ್ಕೆ ಎದುರಾಗಿ ಇನ್ನೊಂದು ಸುದ್ದಿ ಇದೆ. 2022ರ ಜುಲೈಯಲ್ಲಿ ಕೇರಳದ ವಿಳಿಂಜಂ ಮೀನುಗಾರರಿಗೆ ಕಡಲಿನಲ್ಲಿ 28 ಕಿಲೋ ಅಂಬರ್ ಸಿಕ್ಕಿತು. ಅದರ ಬೆಲೆಯನ್ನು ಕೋಟಿಗಳಲ್ಲಿ ಹೇಳಲಾಯಿತು. ಅವರು ಅದನ್ನು ದಡಕ್ಕೆ ತಂದು ಕರಾವಳಿ ಪೊಲೀಸರಿಗೆ ಒಪ್ಪಿಸಿದರು. ಬಲೆಯನ್ನೇ ನಂಬಿ ಬದುಕುವವರು ಅವರು. ನಿಮ್ಮ ಮಕ್ಕಳಿಗೆ ಹಲಾಲ್ ಸಂಪಾದನೆಯ ಪಾಠ ಹೇಳುವಾಗ ಈ ಸುದ್ದಿಯನ್ನೂ ಹೇಳಿ.

ಇನ್ನೊಂದು ಲೆಕ್ಕ ನಮ್ಮ ಅಂಗಳದಲ್ಲಿಯೇ ಇದೆ. 2018ರ ನವೆಂಬರಿನಲ್ಲಿ ಇಂಡೋನೇಷ್ಯಾದ ತೀರಕ್ಕೆ ಒಂದು ಸತ್ತ ಸ್ಪರ್ಮ್ ವೇಲ್ ಬಂತು. ಅದರ ಹೊಟ್ಟೆಯಲ್ಲಿ ಸುಮಾರು ಆರು ಕಿಲೋ ಪ್ಲಾಸ್ಟಿಕ್ ಇತ್ತು. 115 ಲೋಟಗಳು, ಚೀಲಗಳು, ಬಾಟಲಿಗಳು, ಎರಡು ಚಪ್ಪಲಿಗಳು! ಆ ಲೋಟಗಳು ತಳಕಿನಿಂದ ಹೋದವಲ್ಲ. ಆದರೆ ನಮ್ಮ ಲೋಟಗಳು ಎಲ್ಲಿಗೆ ಹೋಗುತ್ತವೆ? ನಮ್ಮ ತಾಲೂಕಿನ ಹಳ್ಳಗಳೆಲ್ಲ ವೇದಾವತಿಗೆ ಸೇರುತ್ತವೆ. ವೇದಾವತಿ ಹಗರಿಯೆಂಬ ಹೆಸರಿನಿಂದ ತುಂಗಭದ್ರೆಯನ್ನು, ತುಂಗಭದ್ರೆ ಕೃಷ್ಣೆಯನ್ನು, ಕೃಷ್ಣೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನದಿ ಬತ್ತಿದೆಯಲ್ಲ ಎನ್ನಬೇಡಿ. 1933ರ ಬಳಿಕ ಮೊದಲ ಬಾರಿಗೆ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ವೇದಾವತಿ ಹೇಗೆ ಹರಿಯಿತೆಂದು ನೀವೇ ನೋಡಿದ್ದೀರಿ. ಅಂತಹ ನೀರು ಬಂದ ದಿನ ದಡದಲ್ಲಿ ಎಸೆದದ್ದು ದಡದಲ್ಲಿ ಉಳಿಯುವುದಿಲ್ಲ. ನೆಲದಲ್ಲೂ ಕಡಲಲ್ಲೂ ಕೆಡುಕು ಕಾಣಿಸಿಕೊಂಡಿರುವುದು ಮನುಷ್ಯರ ಕೈಗಳ ಗಳಿಕೆಯಿಂದ ಎಂದು ಕುರ್‌ಆನ್ ಎಚ್ಚರಿಸಿರುವುದನ್ನು (ಅರ್‍ರೂಮ್: 41) ಇಲ್ಲಿ ನೆನೆಯಬೇಕು.

ಒಂದು ವಲೀಮಾ ಊಟಕ್ಕೆ ಎಷ್ಟು ಪ್ಲಾಸ್ಟಿಕ್ ಲೋಟ, ಎಷ್ಟು ನೀರಿನ ಪೊಟ್ಟಣ ಬೇಕಾಗುತ್ತವೆಂದು ಲೆಕ್ಕ ಹಾಕಿ ನೋಡಿ. ವಲೀಮಾ ಸುನ್ನತ್ತು. ಅದರ ಮರುದಿನ ಮಂಟಪದ ಹಿಂದೆ ಹಾರಾಡುವ ರಾಶಿ ಯಾವ ಸುನ್ನತ್ತು? ಮಸೀದಿಯ ಜಮಾಅತಿನವರು ನೂರಿನ್ನೂರು ಸ್ಟೀಲ್ ಲೋಟಗಳನ್ನು ತಂದಿಟ್ಟು ಮದುವೆಮನೆಗಳಿಗೆ ಕೊಡಬಹುದು. ತೊಳೆಯುವವರಿಗೆ ಕೂಲಿ ಕೊಟ್ಟರೆ ಒಬ್ಬ ಬಡವಳಿಗೆ ಸಂಪಾದನೆಯೂ ಆಯಿತು. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕಡಲಿನ ದಾರಿಹೋಕರಿಗೂ ದಾರಿಯಿದೆ.

ತಾಯಂದಿರೇ, ರಾತ್ರಿ ಮಕ್ಕಳಿಗೆ ಯೂನುಸ್(ಅ)ರ ಕಥೆ ಹೇಳುವಾಗ ಆ ಮೀನಿನ ಬಗ್ಗೆಯೂ ಎರಡು ಮಾತು ಹೇಳಿ. ಅದಕ್ಕೂ ತಾಯಿಯಿದ್ದಾಳೆ, ಅದೂ ಹಾಲು ಕುಡಿದು ಬೆಳೆದುದು, ಅದೂ ಉಸಿರಿಗಾಗಿ ಮೇಲೆ ಬರಬೇಕು ಎಂದು ಹೇಳಿ. ಏಳು ಆಕಾಶಗಳೂ ಭೂಮಿಯೂ ಅವುಗಳಲ್ಲಿರುವ ಎಲ್ಲವೂ ಅಲ್ಲಾಹನ ಪಾವಿತ್ರ್ಯವನ್ನು ಕೊಂಡಾಡುತ್ತವೆ, ಆದರೆ ಅವುಗಳ ಕೊಂಡಾಟ ನಮಗೆ ಅರ್ಥವಾಗುವುದಿಲ್ಲವೆಂದು ಕುರ್‌ಆನ್ ತಿಳಿಸಿದೆ (ಬನೀ ಇಸ್ರಾಈಲ್: 44). ಅರ್ಥವಾಗದಿದ್ದರೂ ಗೌರವಿಸಲು ಬರುತ್ತದಲ್ಲವೇ?

ಅಲ್ಲಾಹನು ನಮಗೆ ಹಲಾಲಾದುದರಲ್ಲಿ ತೃಪ್ತಿಯನ್ನೂ, ಕಾಣದ ನೆರೆಹೊರೆಯವರ ಹಕ್ಕನ್ನು ಕಾಯುವ ಮನಸ್ಸನ್ನೂ ಕರುಣಿಸಲಿ. ನಮ್ಮ ಸೀಮೆಗೆ ಸಕಾಲದಲ್ಲಿ ಮಳೆ ಬರಲಿ, ಕಡಲಿನಲ್ಲಿರುವವರಿಗೂ ಅವರ ಪಾಲಿನ ಅನ್ನ ಸಿಗಲಿ. ಆಮೀನ್.